ತೋಳು ಬಂತು ತೋಳು

ಬೈಸೆಪ್ಸ್ ಬೆಳೆಸಿದವನಿಗೆ ಒಂದು ಸುಖವಿದೆ. ಕೈ ಮಡಿಸಿದರೆ ಸಾಕು, ತನ್ನ ಆಸ್ತಿ ತನಗೇ ಕಾಣುತ್ತದೆ. ಟ್ರೈಸೆಪ್ಸ್ ಹಾಗಲ್ಲ. ತೋಳಿನ ಹಿಂಬದಿಯಲ್ಲಿ ಕೂತು, ಯಜಮಾನನೊಬ್ಬನನ್ನು ಬಿಟ್ಟು ಊರಿಗೆಲ್ಲ ದರ್ಶನ ಕೊಡುತ್ತದೆ. ನನ್ನದರ ಸ್ಥಿತಿಗತಿ ನನಗೆ ಗೊತ್ತಾದದ್ದೂ ಹೆಂಡತಿಯ ಬಾಯಿಂದಲೇ. ನಾದಿನಿಯನ್ನು ರೈಲು ಹತ್ತಿಸಿ, ಟಾಟಾ ಮಾಡಿ ಮುಗಿಸಿದ್ದೆ. “ರೀ, ನೀವು ನಿಲ್ಲಿಸಿದ್ರೂ ಅದಿನ್ನೂ ಟಾಟಾ ಮಾಡ್ತಾನೇ ಇದೆಯಲ್ರೀ” ಅಂದಳು.

ಜಿಮ್ಮು ಸೇರಿದೆ. ಮೀಸೆ ಈಗಷ್ಟೇ ಚಿಗುರಿದ್ದ ಟ್ರೈನರ್ ನನ್ನ ತೋಳನ್ನು ಹಿಂದಿನಿಂದ ಒತ್ತಿ ನೋಡಿ ನಿಟ್ಟುಸಿರುಬಿಟ್ಟ. “ಎಲ್ರೂ ಬೈಸೆಪ್ಸ್ ಅಂತ ಸಾಯ್ತಾರೆ ಸಾರ್. ಮೇಲ್ತೋಳಿನ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನದೇ.” ಈ ಸ್ನಾಯುವಿಗೆ ಮೂರು ತಲೆಗಳಂತೆ. ಉದ್ದನೆಯದು ಭುಜದ ಹಲಗೆಮೂಳೆಯಿಂದ ಹೊರಡುತ್ತದೆ, ಉಳಿದೆರಡು ತೋಳಿನ ಮೂಳೆಯಿಂದ. ಮೂರೂ ಒಂದಾಗಿ ಮೊಣಕೈಯನ್ನು ಹಿಡಿದು ಎಳೆಯುತ್ತವೆ. ನನಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ. ಅಮ್ಮ, ಹೆಂಡತಿ, ಮಗಳು ಇರುವ ಮನೆಯಲ್ಲಿ ನಾನೇ ಆ ಮೊಣಕೈ.

ಮನೆಯ ಅಭ್ಯಾಸಕ್ಕೆಂದು 5 ಕಿಲೋ ಡಂಬೆಲ್ ತಂದೆ. ಮೊದಲ ಪಟ್ಟು, ಅದನ್ನು ಎರಡೂ ಕೈಯಿಂದ ನೆತ್ತಿಯ ಮೇಲೆತ್ತಿ, ಮೊಣಕೈ ಆಚೀಚೆ ವಾಲದಂತೆ ಹಿಂದಕ್ಕೆ ಇಳಿಸಿ ಮತ್ತೆ ಎತ್ತುವುದು. ಕೈ ಮೇಲಿದ್ದಾಗ ಆ ಉದ್ದನೆಯ ತಲೆ ಚೆನ್ನಾಗಿ ಹಿಗ್ಗುತ್ತದೆ. ಅಮ್ಮ ಬಾಗಿಲಲ್ಲೇ ನಿಂತು, “ಇದ್ಯಾವ ದೇವರ ಹರಕೆಯೋ?” ಅಂದಳು. ಎರಡನೆಯದು, ಅಂಗಾತ ಮಲಗಿ ಭಾರವನ್ನು ಹಣೆಯ ಹತ್ತಿರಕ್ಕೆ ಇಳಿಸುವುದು. ಇದಕ್ಕೆ ಸ್ಕಲ್ ಕ್ರಷರ್ ಅನ್ನುತ್ತಾರೆ ಎಂದು ಬಾಯಿಬಿಟ್ಟೆ. ಹೆಂಡತಿ ಚಾಪೆಯ ಪಕ್ಕ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಇನ್ಶೂರೆನ್ಸ್ ಕಾಗದ ಎಲ್ಲಿಟ್ಟಿದೀರಿ?” ಮೂರನೆಯದಕ್ಕೆ ಸೊಂಟ ಬಾಗಿಸಿ, ಕೈಯನ್ನು ಹಿಂದಕ್ಕೆ ಚಾಚಬೇಕು. ಚಾಚುವಷ್ಟರಲ್ಲಿ ಅಮ್ಮ ಅಮೃತಾಂಜನ ಹಿಡಿದು ಓಡಿಬಂದಳು.

ಭಾರ ಎತ್ತಿದ ನೋವು ಅಂದೇ ಬರುವುದಿಲ್ಲ, ಒಂದೆರಡು ದಿನ ಕಾಯಿಸಿ ಬರುತ್ತದೆ. ಮೊಣಕೈ ಮಡಿಸಿದರೆ ಹಿಂಬದಿ ಜಗ್ಗಿ ಜೀವ ಹೋಗುತ್ತದೆ. ಮೊಣಕೈ ಮಡಿಸದೆ ಊಟ ಮಾಡುವ ವಿದ್ಯೆ ನನಗೆ ಬಾರದು. ಸಾರನ್ನದ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಅಮ್ಮ ಕರಗಿಹೋದಳು. “ಬಾ ಮರಿ, ತುತ್ತು ಕೊಡ್ತೀನಿ.” ಐವತ್ತರ ಮರಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತಡೆದಳು. “ಬಿಡಿ ಅತ್ತೆ, ಹೊಟ್ಟೆನಾದ್ರೂ ಕರಗ್ಲಿ.”

ಸ್ನಾಯು ಬೆಳೆಯಲು ದೇಹದ ತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಬೇಕೆಂದು ಟ್ರೈನರ್ ಹೇಳಿದ್ದ. ನನ್ನ 70 ಕಿಲೋಗೆ 112 ಗ್ರಾಂ. ನಮ್ಮ ಮನೆಯ ಹೊಸಿಲು ಮೊಟ್ಟೆ ದಾಟಿಲ್ಲ. ಹಾಗಾಗಿ ಬೆಳಿಗ್ಗೆ ಮೊಳಕೆ ಹುರುಳಿಯ ಉಸಲಿ, ಮಧ್ಯಾಹ್ನ ಹುರುಳಿ ಬಸ್ಸಾರು, ರಾತ್ರಿ ಅದೇ ಬಸ್ಸಾರು ಇನ್ನಷ್ಟು ಕುದ್ದು. “ಇಷ್ಟು ಹುರುಳಿ ತಿನ್ನೋ ಕುದುರೆಗೆ ಒಂದು ಜಟಕಾ ಆದ್ರೂ ಇರುತ್ತೆ” ಅಂದಳು ಹೆಂಡತಿ.

ಆ ಮಾತಿಗೆ ಉತ್ತರ ಕೊಡಲು ಹೋದದ್ದೇ ಕಂಟಕವಾಯಿತು. ಟ್ರೈಸೆಪ್ಸ್ ಅಂದರೆ ಏನೆಂದುಕೊಂಡೆ, ಕೈ ನೇರ ಮಾಡುವುದೇ ಅದರ ಕಸುಬು, ತಳ್ಳುವುದಕ್ಕೂ ಒತ್ತುವುದಕ್ಕೂ ಅದೇ ಬೇಕು ಎಂದು ಭಾಷಣ ಮಾಡಿದೆ. ಆ ಭಾನುವಾರ ಮದುವೆಯಾದಾಗಿನಿಂದ ಜಾಗ ಬಿಟ್ಟು ಕದಲದ ಗಾಡ್ರೇಜ್ ಬೀರುವನ್ನು ತಳ್ಳಿದೆ. ಎದುರುಮನೆಯವರ ಕೆಟ್ಟುನಿಂತ ಕಾರನ್ನೂ ತಳ್ಳಿದೆ. ಅಮ್ಮ ಶಾವಿಗೆ ಒರಳನ್ನು ಹುಡುಕಿ ತೊಳೆಸಿದಳು. ಬೆಂದ ಅಕ್ಕಿಹಿಟ್ಟಿನ ಉಂಡೆಗಳನ್ನು ಬೆವರು ಸುರಿಸುತ್ತಾ ಒತ್ತುವಾಗ ಜ್ಞಾನೋದಯವಾಯಿತು. ಜಿಮ್ಮಿನಲ್ಲಿ ಕೇಬಲ್ಲಿನ ಹಿಡಿಯನ್ನು ಕೆಳಕ್ಕೆ ಒತ್ತಿಸುವ ಪುಷ್‌ಡೌನ್ ಅಂದರೆ ಇದೇ. ಅಲ್ಲಿ ದುಡ್ಡು ಕೊಟ್ಟು ಒತ್ತುತ್ತೇನೆ, ಇಲ್ಲಿ ಬೈಸಿಕೊಂಡು ಒತ್ತುತ್ತೇನೆ. ಹನ್ನೆರಡು ಸಲ ಸಲೀಸಾದರೆ ಭಾರ ಏರಿಸಬೇಕೆಂಬ ನಿಯಮ ಎರಡೂ ಕಡೆ ಒಂದೇ. ಅಮ್ಮ ಇನ್ನೊಂದು ಸೇರು ಅಕ್ಕಿ ನೆನೆಹಾಕಿದ್ದಳು.

ತೋಳು ಗಟ್ಟಿಯಾಗಿದೆಯಂತೆ. ನೋಡಿದವರು ಹೇಳುತ್ತಾರೆ, ನಾನು ನಂಬಬೇಕು. ಮುಂದಿನ ತಿಂಗಳು ಭುಜಕ್ಕೆ ಕೈಹಾಕೋಣ ಎಂದಿದ್ದಾನೆ ಟ್ರೈನರ್. ಭುಜ ಯಾವ ಕೆಲಸಕ್ಕೆ ಎಂದು ಈ ಸಲ ನಾನು ಯಾರಿಗೂ ಹೇಳಿಲ್ಲ. ಆದರೆ ಮಗಳ ಕೈಯಲ್ಲಿ ಮೊಬೈಲ್ ಇದೆ. ಅಟ್ಟಕ್ಕೆ ಏರಬೇಕಾದ ಟ್ರಂಕುಗಳು ಆಗಲೇ ನಡುಮನೆಗೆ ಬಂದು ಸಾಲಾಗಿ ಕೂತಿವೆ.