ಪಥಸಂಧಿಪ್ರಕರಣ: ಕೋಸ್ ಸೀಮೆಯ ಸೈಕಲ್ ಮಾರ್ಗಗಳ ಲಕ್ಷಣವಿಚಾರ

ನೂತನ ಶಾಸ್ತ್ರವೊಂದನ್ನು ಪ್ರತಿಷ್ಠಾಪಿಸುವವನು, ಅದು ಇಲ್ಲದೆ ಲೋಕವು ಇದುವರೆಗೆ ಅನುಭವಿಸಿದ ಹಾನಿಯನ್ನು ಮೊದಲು ನಿರೂಪಿಸಬೇಕೆಂಬುದು ಸಂಪ್ರದಾಯ. ಫ್ರಾನ್ಸಿನ ದಕ್ಷಿಣಭಾಗದಲ್ಲಿ ಸೋವ್‌ತೆರ್, ಮೆಜಾಂ, ನ್ವಾರ್, ಲಾರ್ಜಾಕ್ ಎಂಬ ನಾಲ್ಕು ಸುಣ್ಣಕಲ್ಲಿನ ಪ್ರಸ್ಥಭೂಮಿಗಳಿವೆ. ಇವಕ್ಕೆ 'ಕೋಸ್' ಎಂದು ಜಾತಿನಾಮ. ಮೊದಲೆರಡರ ನಡುವೆ ತಾರ್ನ್ ನದಿ, ಮೆಜಾಂ ಮತ್ತು ನ್ವಾರ್‌ಗಳ ನಡುವೆ ಜೋಂತ್, ನ್ವಾರ್ ಮತ್ತು ಲಾರ್ಜಾಕ್‌ಗಳ ನಡುವೆ ದೂರ್ಬಿ ಹರಿಯುತ್ತವೆ. ಈ ಸೀಮೆಯು ತನ್ನ ಕುರಿಮೇಪಿನ ಸಂಸ್ಕೃತಿಗಾಗಿ 2011ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕುರಿಗಳ ವಿಷಯದಲ್ಲಿ ಇಷ್ಟು ಕಾರ್ಯವಾಗಿದ್ದರೂ ಸೈಕಲ್ ತುಳಿಯುವವರ ವಿಷಯದಲ್ಲಿ ವರ್ಗೀಕರಣವು ಶೈಶವಾವಸ್ಥೆಯಲ್ಲಿಯೇ ಇದೆ. ಅವರು ತಾವು ಕ್ರಮಿಸಿದ ಹಾದಿಗಳನ್ನು 'ಚೆನ್ನಾಗಿತ್ತು', 'ಕಾಲು ಸೋತುಹೋಯಿತು' ಎಂಬ ಎರಡೇ ಕೋಟಿಗಳಲ್ಲಿ ಹೇಳಿ ಮುಗಿಸುತ್ತಾರೆ. ಒಂದೇ ಹಾದಿ ಎರಡೂ ಕೋಟಿಗಳಿಗೆ ಸೇರಬಹುದಾದ್ದರಿಂದ ಈ ವಿಭಾಗ ಅಗ್ರಾಹ್ಯ.

ಆದ್ದರಿಂದ ಮೊದಲು ಮಾರ್ಗಲಕ್ಷಣ. ಹೊರಟ ಸ್ಥಾನಕ್ಕೇ ಮರಳುವ ಉದ್ದೇಶದಿಂದ, ಹತ್ತಿರದ ಹಾದಿಯಿದ್ದರೂ ಅದನ್ನು ತೊರೆದು, ಸ್ವೇಚ್ಛೆಯಿಂದಲೂ ಸ್ವಬಲದಿಂದಲೂ ಕ್ರಮಿಸಲ್ಪಡುವ, ಏರಿಳಿತಗಳಿಂದ ಕೂಡಿದ ಡಾಂಬರುಪಟ್ಟಿಯೇ ಮಾರ್ಗ. ಇನ್ನು ಪದಕೃತ್ಯ. 'ಸ್ವೇಚ್ಛೆಯಿಂದ' ಎನ್ನದಿದ್ದರೆ ಬೇಸಿಗೆಯ ಮೇವಿಗಾಗಿ ಎತ್ತರದ ಹುಲ್ಲುಗಾವಲಿಗೆ ಅಟ್ಟಲ್ಪಡುವ ಕುರಿಮಂದೆಯಲ್ಲಿ ಅತಿವ್ಯಾಪ್ತಿ. 'ಹತ್ತಿರದ ಹಾದಿಯಿದ್ದರೂ' ಎನ್ನದಿದ್ದರೆ ಅಂಚೆಯವನಲ್ಲಿ ಅತಿವ್ಯಾಪ್ತಿ. 'ಉದ್ದೇಶದಿಂದ' ಎಂದಿರುವುದರಿಂದ ದಾರಿ ತಪ್ಪಿ ಇನ್ನೂ ಮನೆ ಸೇರದವನೂ ಲಕ್ಷಣದೊಳಗೇ ಉಳಿಯುತ್ತಾನೆ; ಅವನಿಗೆ ಅವ್ಯಾಪ್ತಿದೋಷದ ಭಯ ಬೇಡ. ಬ್ಯಾಟರಿ ಸೈಕಲಿನವರನ್ನು ಪರಿಶಿಷ್ಟಕ್ಕೆ ಕಳುಹಿಸಿದ್ದೇವೆ. ಅವರು ನಮಗಿಂತ ಮೊದಲೇ ಅಲ್ಲಿಗೆ ತಲಪಿರುತ್ತಾರೆ.

ಈಗ ಈ ಶಾಸ್ತ್ರದ ಮೂಲಸಿದ್ಧಾಂತ. ಪರ್ವತದೇಶದಲ್ಲಿ ಆರೋಹವು ಮೊದಲು, ಅವರೋಹವು ಅದರ ಫಲ. ಕೋಸ್ ಸೀಮೆಯಲ್ಲಿ ಕ್ರಮ ವ್ಯತ್ಯಸ್ತ. ಇಲ್ಲಿನ ಸುಣ್ಣಕಲ್ಲು ಜುರಾಸಿಕ್ ಯುಗದ ಸಮುದ್ರದ ತಳದಲ್ಲಿ ಶೇಖರವಾದದ್ದು. ಮೇಲೆ ಬಿದ್ದ ಮಳೆಯೆಲ್ಲ ಅದರ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಮೋಂ ಲೋಜೇರ್ ಬೆಟ್ಟದಲ್ಲಿ ಹುಟ್ಟಿದ ತಾರ್ನ್, ಎಗ್ವಾಲ್ ಬೆಟ್ಟದ ಕಡೆಯಿಂದ ಬಂದ ಜೋಂತ್, ಇವು ಈ ಕಲ್ಲನ್ನು ಕೊರೆದು 400ರಿಂದ 500 ಮೀಟರ್ ಆಳದ ಕಮರಿಗಳನ್ನು ಮಾಡಿಕೊಂಡಿವೆ. ಪ್ರಸ್ಥಭೂಮಿಯ ಮೇಲಿರುವವನು ನೆರೆಯ ಪ್ರಸ್ಥಭೂಮಿಯನ್ನು ಕಣ್ಣೆದುರೇ, ತನ್ನ ಮಟ್ಟದಲ್ಲಿಯೇ ಕಾಣುತ್ತಾನೆ. ತಲಪಬೇಕಾದರೆ ಮೊದಲು ಹೊಳೆಯವರೆಗೆ ಇಳಿಯಬೇಕು. ಹೀಗಾಗಿ ಅವರೋಹವು ಋಣ, ಆರೋಹವು ತೀರುವಳಿ. ಇಲ್ಲಿನ ಏರು ಬೆಟ್ಟದ ಗುಣವಲ್ಲ, ಹಳ್ಳದ ಗುಣ. ಶಿಖರವನ್ನು ಆಧರಿಸಿದ ಸಮಸ್ತ ವರ್ಗೀಕರಣಗಳೂ ಇಲ್ಲಿ ಬಿದ್ದುಹೋಗುತ್ತವೆ.

ಇದರಿಂದ ಪ್ರಥಮ ಸೂತ್ರ ಸಿದ್ಧಿಸುತ್ತದೆ: ಪ್ರಸ್ಥಸಂಖ್ಯೆಯಲ್ಲಿ ಒಂದನ್ನು ಕಳೆದರೆ ಹೋಗುವಾಗಿನ ಆರೋಹಸಂಖ್ಯೆ. ನಾಲ್ಕು ಕೋಸ್‌ಗಳನ್ನು ಕ್ರಮವಾಗಿ ದಾಟುವವನಿಗೆ ಹೋಗುವಾಗ ಮೂರು ಏರುಗಳು. ಪ್ರಸ್ಥ, ನದಿ, ಪ್ರಸ್ಥ ಎಂಬ ಈ ಕೂಡಿಕೆಯನ್ನು ನಾವು ಸಂಧಿ ಎಂದು ಕರೆಯುತ್ತೇವೆ. ಕನ್ನಡದ ವೈಯಾಕರಣರು ಲೋಪ, ಆಗಮ, ಆದೇಶ ಎಂದು ಸಂಧಿಯನ್ನು ಮೂರಾಗಿ ವಿಂಗಡಿಸಿದಾಗ ಅವರ ಮನಸ್ಸಿನಲ್ಲಿ ತಾರ್ನ್ ಕಣಿವೆ ಇದ್ದಿರಲಾರದು. ಆದರೂ ವಿಭಾಗವು ಅಕ್ಷರಶಃ ಹೊಂದುತ್ತದೆ.

1. ಲೋಪಸಂಧಿ. ಲ ರೋಜಿಯೇ ಎಂಬ ಹಳ್ಳಿಯಲ್ಲಿ ಜೋಂತ್ ನದಿಯು ತಾರ್ನನ್ನು ಸೇರುತ್ತದೆ. ಸೋವ್‌ತೆರಿನಿಂದ ಇಳಿದವನು ಇಲ್ಲಿ ಸೇತುವೆ ದಾಟಿ ನೇರವಾಗಿ ನ್ವಾರ್ ಕೋಸಿಗೆ ಹತ್ತಿದರೆ ಮಧ್ಯದ ಮೆಜಾಂ ಲೋಪವಾಗುತ್ತದೆ, ಜೊತೆಗೆ ಒಂದು ಏರೂ. ಇದು ಶಾಸ್ತ್ರಸಮ್ಮತವೇ. ಆದರೆ 'ಅರ್ಥ ಕೆಡದಿದ್ದರೆ ಮಾತ್ರ ಲೋಪ' ಎಂಬ ನಿಯಮವನ್ನು ಮರೆಯಬಾರದು. ಮೆಜಾಂ ಇಲ್ಲದ ಮಾರ್ಗಕ್ಕೆ ಅರ್ಥವಿದೆಯೇ ಎಂಬುದರಲ್ಲಿ ನಮಗೆ ಸಂದೇಹವಿದೆ.

2. ಆಗಮಸಂಧಿ. ನದಿಯ ಪಕ್ಕದಲ್ಲಿ ಸೌಮ್ಯವಾಗಿ ಸಾಗಬೇಕಾದ ರಸ್ತೆಯು, ಕಮರಿ ಇಕ್ಕಟ್ಟಾದಲ್ಲಿ, ಬಂಡೆಯ ಹೆಗಲಿಗೆ ಏರಿ ಮತ್ತೆ ನದಿಗೆ ಇಳಿಯುವುದು. ಮೂಲಪದಗಳೆರಡರಲ್ಲಿಯೂ ಇಲ್ಲದ ಏರೊಂದು ನಡುವೆ ಬಂದು ಸೇರಿದ್ದರಿಂದ ಆಗಮ. ಇದನ್ನು ಭೂಪಟದಲ್ಲಿ ಮೊದಲೇ ಗುರುತಿಸದವನು ಯಕಾರವೋ ವಕಾರವೋ ಎಂದು ತಿಳಿಯದ ವಿದ್ಯಾರ್ಥಿಯಂತೆ ನಿಂತುಬಿಡುತ್ತಾನೆ.

3. ಆದೇಶಸಂಧಿ. 'ರೂತ್ ಬಾರೇ', ಅಂದರೆ ರಸ್ತೆ ಮುಚ್ಚಿದೆ, ಎಂಬ ಫಲಕವಿದ್ದು ಒಂದರ ಸ್ಥಾನದಲ್ಲಿ ಇನ್ನೊಂದು ರಸ್ತೆ ಬರುವುದು. ಇದರಲ್ಲಿ ಎರಡು ಉಪಭೇದಗಳು: (ಅ) ನಿತ್ಯ, ರಸ್ತೆಯು ನಿಜವಾಗಿಯೂ ಕುಸಿದಿರುವುದು, (ಆ) ವಿಕಲ್ಪ, ಸೈಕಲನ್ನು ಹೆಗಲ ಮೇಲೆ ಹೊತ್ತು ದಾಟಬಹುದಾದದ್ದು. ಯಾವುದು ಯಾವುದೆಂದು ಫಲಕದಿಂದ ತಿಳಿಯದು. ಫಲಕದಾಚೆ ಐದಾರು ಕಿಲೋಮೀಟರು ಹೋದ ಮೇಲೆಯೇ ನಿರ್ಣಯ.

ಸಂಧಿಯೇ ಆಗದಿರುವುದು ಪ್ರಕೃತಿಭಾವ. ಇದು ನೈಸರ್ಗಿಕ, ಕೃತಕ ಎಂದು ದ್ವಿವಿಧ. ನೈಸರ್ಗಿಕಕ್ಕೆ ಪೆರ್ಜುರೆ ಕಣಿವೆಮಾರ್ಗವೇ ಉದಾಹರಣೆ. 1028 ಮೀಟರ್ ಎತ್ತರದ ಈ ಸೇತುಭೂಮಿಯಿಂದಾಗಿ ಮೆಜಾಂನಿಂದ ಎಗ್ವಾಲ್ ಬೆಟ್ಟಕ್ಕೆ ಹೊಳೆಗಿಳಿಯದೆ ಹೋಗಬಹುದು. 1960ರ ಟೂರ್ ಡಿ ಫ್ರಾನ್ಸ್‌ನಲ್ಲಿ ರೋಜೆ ರಿವಿಯೇರ್ ಇದರ ಇಳಿಜಾರಿನಲ್ಲಿಯೇ ರಸ್ತೆಯಾಚೆ ಬಿದ್ದು ಬೆನ್ನೆಲುಬು ಮುರಿದುಕೊಂಡನು. ಆದ್ದರಿಂದ ಈ ಒಂದು ಸ್ಥಳದಲ್ಲಿ ಶಾಸ್ತ್ರಚಿಂತನೆಯನ್ನು ನಿಲ್ಲಿಸಿ ಬ್ರೇಕಿನ ಮೇಲೆ ಕೈ ಇಡತಕ್ಕದ್ದು. ಕೃತಕಕ್ಕೆ ಉದಾಹರಣೆ 2004ರಲ್ಲಿ ತೆರೆದ ಮಿಯೋ ಮೇಲ್ಸೇತುವೆ: ಉದ್ದ 2460 ಮೀಟರ್, ಕಂಬದ ತುದಿಯವರೆಗೆ ಎತ್ತರ 343 ಮೀಟರ್. ಅದು ವೇಗಮಾರ್ಗವಾದ್ದರಿಂದ ಸೈಕಲಿಗೆ ಪ್ರವೇಶ ನಿಷಿದ್ಧ. ಅಡಿಯಲ್ಲಿ ನಿಂತು ಪ್ರಕೃತಿಭಾವವನ್ನು ನೋಡಬಹುದು, ಹೊಂದುವಂತಿಲ್ಲ.

ಇನ್ನು ಮಿಥ್ಯಾಸಮತಲ. ಫ್ರೆಂಚರು 'ಫೋ ಪ್ಲಾ' ಎಂದು ಕರೆಯುವ ಇದನ್ನು ಹಿಂದಿನವರು ಏರಿನ ಒಂದು ಭೇದವೆಂದು ಎಣಿಸಿದ್ದು ಪ್ರಮಾದ; ಇದು ಪ್ರಮಾಣವಿಚಾರಕ್ಕೆ ಸೇರಿದ್ದು. ಲ ರೋಜಿಯೇಯಿಂದ ಮೇರ್ವೆಯ್ಸ್ ಪಟ್ಟಣಕ್ಕೆ ಜೋಂತ್ ದಂಡೆಯ ರಸ್ತೆಯು ಸುಮಾರು 21 ಕಿಲೋಮೀಟರಿನಲ್ಲಿ ಸುಮಾರು 300 ಮೀಟರ್ ಏರುತ್ತದೆ, ಅಂದರೆ ನೂರಕ್ಕೆ ಒಂದೂವರೆಯಷ್ಟು. ಕಣ್ಣು ಇದನ್ನು ಸಮತಲವೆಂದು ಸಾರುತ್ತದೆ, ತೊಡೆ ಒಪ್ಪುವುದಿಲ್ಲ. ಎರಡೂ ಪ್ರತ್ಯಕ್ಷವೇ ಆದ್ದರಿಂದ ಯಾವುದು ಯಾವುದನ್ನು ಬಾಧಿಸುತ್ತದೆ? ಹಗ್ಗವನ್ನು ಹಾವೆಂದು ಕಂಡವನಿಗೆ ದೀಪ ತಂದಾಗ ಭ್ರಮೆ ಹರಿಯುತ್ತದೆ. ಇಲ್ಲಿ ನಡುಹಗಲಿನಲ್ಲಿಯೂ ರಸ್ತೆ ಸಮತಲವಾಗಿಯೇ ಕಾಣುತ್ತದೆ. ಆದ್ದರಿಂದ ದೀಪದಿಂದ ಹರಿಯದ ಈ ಭ್ರಮೆಯಲ್ಲಿ ತೊಡೆಯೇ ಪ್ರಬಲಪ್ರಮಾಣವೆಂದು ನಮ್ಮ ನಿರ್ಣಯ. ತಲೆಯ ಮೇಲೆ ಸುತ್ತುವ ರಣಹದ್ದುಗಳನ್ನು ಸಾಕ್ಷಿಯಾಗಿ ಕರೆಯಬಾರದು. 1981ರಿಂದ ಈ ಕಮರಿಗಳಲ್ಲಿ ಮರಳಿ ನೆಲೆಗೊಳಿಸಲ್ಪಟ್ಟ ಅವು ಸತ್ತದ್ದನ್ನು ಮಾತ್ರ ತಿನ್ನುವುದರಿಂದ, ಎಷ್ಟೇ ನಿಧಾನವಾದರೂ ಚಲಿಸುತ್ತಿರುವ ದ್ರವ್ಯ ಅವುಗಳ ವಿಷಯವಲ್ಲ.

ಪೂರ್ವಾಚಾರ್ಯರ ಮತಗಳನ್ನು ಸಂಕ್ಷೇಪವಾಗಿ ಪರಿಶೀಲಿಸೋಣ. ಟೂರ್ ಡಿ ಫ್ರಾನ್ಸ್‌ನವರು ಏರುಗಳನ್ನು ನಾಲ್ಕನೆಯ ವರ್ಗದಿಂದ ಒಂದನೆಯದರವರೆಗೆ ಜೋಡಿಸಿ, ಅದರಾಚೆ 'ಓರ್ ಕಾತೆಗೋರಿ', ಅಂದರೆ ವರ್ಗಬಾಹ್ಯ, ಎಂಬುದನ್ನು ಇಟ್ಟಿದ್ದಾರೆ. ವರ್ಗಬಾಹ್ಯಗಳ ಸಮುದಾಯವೂ ಒಂದು ವರ್ಗವೇ. ಅದರೊಳಗೆ ಸೇರಿದ ಕೂಡಲೇ ಏರು ಅದರಿಂದ ಹೊರಬೀಳುತ್ತದೆ, ಹೊರಬಿದ್ದ ಕೂಡಲೇ ಮತ್ತೆ ಸೇರುತ್ತದೆ. ನಿಶ್ಚಲವಾದ ಬೆಟ್ಟಕ್ಕೆ ಇಷ್ಟು ಚಲನೆಯನ್ನು ಆರೋಪಿಸುವುದು ಅಸಂಭವದೋಷ. ಮಿಶೆಲಿನ್ ಭೂಪಟಕಾರರ ಬಾಣಗಳು, ಅಂದರೆ 5ರಿಂದ 9 ಶೇಕಡಾ ಏರಿಗೆ ಒಂದು, 13ರವರೆಗೆ ಎರಡು, ಅದಕ್ಕೂ ಮಿಕ್ಕರೆ ಮೂರು, ಇವು ನಿರ್ದುಷ್ಟ. ನಾವು ಅತ್ಯಂತ ಗೌರವಿಸುವುದು 1972ರಲ್ಲಿ ಸ್ಥಾಪಿತವಾದ 'ನೂರು ಕಣಿವೆಮಾರ್ಗಗಳ ಸಂಘ'ವನ್ನು. ಸದಸ್ಯನಾಗಲು ನೂರು ಬೇರೆ ಬೇರೆ 'ಕೋಲ್'ಗಳನ್ನು, ಅಂದರೆ ಕಣಿವೆಮಾರ್ಗಗಳನ್ನು, ಹತ್ತಿರಬೇಕು. ಒಂದು ಸ್ಥಳವು ಕೋಲ್ ಎನಿಸಲು ಭೂಪಟವೋ ಫಲಕವೋ ಹಾಗೆಂದು ಹೇಳಿರಬೇಕು. ಎಷ್ಟೇ ಎತ್ತರವಿದ್ದರೂ ಹೆಸರಿಲ್ಲದಿದ್ದರೆ ಲೆಕ್ಕಕ್ಕಿಲ್ಲ. ಬೆವರಿಗಿಂತ ಶಬ್ದವೇ ಪ್ರಮಾಣವೆಂದ ಈ ಸಜ್ಜನರನ್ನು ನಾವು ಸ್ವಗೋತ್ರದವರೆಂದು ಭಾವಿಸುತ್ತೇವೆ.

ಕಡೆಯದಾಗಿ ಜಲಾಭಾವನಿರೂಪಣ. ಪ್ರಸ್ಥದ ಮೇಲ್ಮೈಯಲ್ಲಿ ನದಿಯು ನಿನ್ನೆ ಇರಲಿಲ್ಲ, ಇಂದು ಇಲ್ಲ, ನಾಳೆ ಇರುವುದಿಲ್ಲ: ಇದು ಅತ್ಯಂತಾಭಾವ. ಬಾಟಲಿಯಲ್ಲಿದ್ದ ನೀರು ಮುಗಿದದ್ದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂದು ತಾರ್ಕಿಕರು ಹೇಳಿದ್ದು ಮೆಜಾಂನಲ್ಲಿ ಅನುಭವಸಿದ್ಧ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿ ಎರಡರ ಮೇಲೆ ತೆರೆಯುವ ಹಳ್ಳಿಯಂಗಡಿಯ ಮುಂದೆ ಇರುವುದು ಪ್ರಾಗಭಾವ. ಕುರಿಗಳಿಗಾಗಿ ಕಲ್ಲುಹಾಸಿ ಕಟ್ಟಿದ 'ಲಾವೋಞ್' ಎಂಬ ಹೊಂಡಗಳಲ್ಲಿ ನೀರಿದೆ, ಆದರೆ ಅದು ಕುಡಿಯುವ ನೀರಲ್ಲ: ಅನ್ಯೋನ್ಯಾಭಾವ. ಈ ನಾಲ್ಕಕ್ಕೂ ಹೊರತಾದದ್ದು ಸ್ಮಶಾನದ ನಲ್ಲಿ. ಹೂಕುಂಡಗಳಿಗಾಗಿ ಇಟ್ಟದ್ದಾದರೂ, ಮೇಲೆ ನಿಷೇಧದ ಫಲಕವಿಲ್ಲದಿದ್ದರೆ ಸೈಕಲಿನವರು ಬಹುಕಾಲದಿಂದ ಅದನ್ನೇ ಆಶ್ರಯಿಸಿದ್ದಾರೆ. ಜೀವಂತವಾಗಿದ್ದೇ ಅಲ್ಲಿಗೆ ಹೋಗುವ ಈ ಸಂಪ್ರದಾಯಕ್ಕೆ ಪ್ರತ್ಯೇಕ ಅಧ್ಯಾಯ ಬೇಕಾಗುತ್ತದೆ.

ಸೇಂತ್-ಎತಿಯೆನ್‌ನ ಸೈಕಲ್ ಪ್ರವಾಸದ ಆಚಾರ್ಯ ಪೋಲ್ ದ ವಿವಿ, ಅಂದರೆ ವೆಲೋಸಿಯೋ (1853–1930), ಬಾಯಾರುವ ಮುನ್ನವೇ ಕುಡಿ ಎಂದು ವಿಧಿಸಿದ್ದಾನೆ. ತೃಷೆಯ ಪ್ರಾಗಭಾವಕಾಲವೂ ಜಲದ ಭಾವಕಾಲವೂ ಒಂದಾಗಿರುವುದು ಈ ಸೀಮೆಯಲ್ಲಿ ಕಣಿವೆಯ ತಳದಲ್ಲಿ ಮಾತ್ರ. ಮೇಲೆ ಇಂಗಿದ ಮಳೆಯು ಸೇಂತ್-ಎನಿಮಿ ಊರಿನಲ್ಲಿ ಬ್ಯುರ್ಲ್ ಎಂಬ ಬುಗ್ಗೆಯಾಗಿ ಹೊರಬರುತ್ತದೆ. ಎದುರುಗಾಳಿ ಮತ್ತು ಕಾವಲುನಾಯಿಗಳನ್ನು ಕುರಿತ ದ್ವಿತೀಯ ಪ್ರಕರಣವು ಸಿದ್ಧವಾಗುವುದರೊಳಗೆ ಈ ಸೀಮೆಗೆ ಹೊರಡುವ ಓದುಗರು ಎರಡು ಬಾಟಲಿ ಒಯ್ಯಬೇಕು, ಎರಡನ್ನೂ ಆ ಊರಿನಲ್ಲಿಯೇ ತುಂಬಿಕೊಂಡು ಮೆಜಾಂ ಹತ್ತಬೇಕು. ಸೋಮವಾರ ಹೋಗಬೇಡಿ, ಅನೇಕ ಹಳ್ಳಿಗಳಲ್ಲಿ ಆ ದಿನ ಬ್ರೆಡ್ಡಿನ ಅಂಗಡಿಗೆ ರಜ.