ನಿಯಮರಾಜರಿಗೊಂದು ತಿಳಿವಳಿಕೆ ಪತ್ರ

ಗೆ,
ಶ್ರೀ ನಿಯಮರಾಜರು,
ನಿಯಮಗಿರಿ ಬೆಟ್ಟದ ತುದಿ, ಒಡಿಶಾ.

ವಿಷಯ: ತಾವು ಕೂತಿರುವ ಜಾಗವನ್ನು ಇನ್ನೂ ತೆರವು ಮಾಡದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಮ್ಮ ಪೀಠದ ಕೆಳಗೆ ಏಳು ಕೋಟಿ ಟನ್ನಿಗೂ ಮಿಕ್ಕಿ ಬಾಕ್ಸೈಟ್ ಇದೆ. ಗೊತ್ತಿದ್ದೂ ಇಷ್ಟು ಕಾಲ ಅದರ ಮೇಲೆ ಸುಮ್ಮನೆ ಕೂತಿದ್ದೀರೆಂದರೆ ಏನು ಹೇಳೋಣ! ಆ ಕಲ್ಲೇ ಮಳೆನೀರು ಹಿಡಿದಿಟ್ಟು ಬೇಸಿಗೆಯಲ್ಲೂ ತೊರೆಗಳಿಗೆ ಬಿಡುತ್ತದೆಂದು ತಮ್ಮನ್ನು ಬೆಟ್ಟದ ದೇವರೆಂದು ಪೂಜಿಸುವ ತಮ್ಮ ಮಕ್ಕಳಾದ ಡೋಂಗ್ರಿಯಾ ಕೊಂಧ ಆದಿವಾಸಿಗಳು ವಾದಿಸುತ್ತಾರೆ. ಇರಬಹುದು. ಆ ನೀರಿಗೆ ತಾವು ಯಾರಿಗಾದರೂ ಒಂದು ಬಿಲ್ಲನ್ನಾದರೂ ಕಳಿಸಿದ್ದೀರಾ?

ಆಗ ಲಂಡನ್ ಷೇರುಪೇಟೆಯಲ್ಲಿದ್ದ ವೇದಾಂತ ಕಂಪನಿ, ಗಣಿಗೆ ಅಂತಿಮ ಅನುಮತಿ ಸಿಗುವ ಮೊದಲೇ, ಬೆಟ್ಟದ ಬುಡದ ಲಾಂಜಿಗಢದಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಅಲ್ಯುಮಿನಾ ಕಾರ್ಖಾನೆ ಎಬ್ಬಿಸಿತು. ಹೆಣ್ಣು ಕೇಳುವ ಮೊದಲೇ ಛತ್ರ ಹಿಡಿದು, ಅಡಿಗೆಯವರಿಗೆ ಮುಂಗಡ ಕೊಟ್ಟವರ ಸಂಕಟ ತಮಗೆ ಅರ್ಥವಾಗಬೇಕಿತ್ತು. ಅದರ ಬದಲು 2010ರಲ್ಲಿ ಇಂಗ್ಲೆಂಡಿನ ಚರ್ಚು ಈ ಕಂಪನಿಯಲ್ಲಿದ್ದ ತನ್ನ ಷೇರುಗಳನ್ನೇ ಮಾರಿಬಿಟ್ಟಿತು. ದೇವರು ದೇವರು ಒಳಗೊಳಗೇ ಮಾತಾಡಿಕೊಂಡಿರೇನೋ ಎಂಬ ಗುಮಾನಿ ನಮಗಿದೆ.

ಇನ್ನು 2013ರ ಪ್ರಕರಣ. ಗಣಿಯ ಬಗ್ಗೆ ಗ್ರಾಮಸಭೆಗಳನ್ನು ಕೇಳಿ ಎಂದು ಸುಪ್ರೀಂ ಕೋರ್ಟು ಹೇಳಿತು. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಊರುಗಳಿದ್ದರೂ ಸರ್ಕಾರ ಅಳೆದು ಸುರಿದು ಹನ್ನೆರಡನ್ನೇ ಆರಿಸಿತು. ಅದರಲ್ಲೊಂದರಲ್ಲಿ ಇದ್ದದ್ದು ಒಂದೇ ಕುಟುಂಬ. ಮಳೆಗಾಲದಲ್ಲಿ ಜಿಲ್ಲಾ ನ್ಯಾಯಾಧೀಶರು ಬಂದು ಕೂತರು, ಪೊಲೀಸರೂ ಬಂದರು. ದೇವರಿಗೆ ಪೂಜೆಗೆ ಬೇಕಾದಷ್ಟು ಜಾಗ ಅಳೆದು ಬಿಡೋಣವೆಂದರೆ, ಅಳೆಯುವುದೇನು, ಇಡೀ ಬೆಟ್ಟವೇ ಅವನದು ಎಂಬ ಉತ್ತರ! ಮುಡಿಯಲ್ಲಿ ಪುಟ್ಟ ಚೂರಿ ಸಿಕ್ಕಿಸಿಕೊಳ್ಳುವ ಹೆಂಗಸರೂ ಹಾಗೇ ಅಂದರು. ಹನ್ನೆರಡಕ್ಕೆ ಹನ್ನೆರಡೂ ಊರು ಬೇಡವೆಂದವು. ಆ ಒಂಟಿ ಮನೆಯೂ.

2016ರಲ್ಲಿ ಒಡಿಶಾ ಸರ್ಕಾರ ಇನ್ನೊಮ್ಮೆ ಸಭೆ ನಡೆಸಲು ಕೋರ್ಟಿಗೆ ಹೋಯಿತು, ಕೋರ್ಟು ಒಪ್ಪಲಿಲ್ಲ. ತಮ್ಮವರು ಮೊದಲೇ ಹೂಂ ಅಂದಿದ್ದರೆ ಎರಡನೇ ಸಲ ಕೇಳುವ ತೊಂದರೆಯನ್ನು ಯಾರೂ ಕೊಡುತ್ತಿರಲಿಲ್ಲ, ಅಷ್ಟಂತೂ ಖಾತ್ರಿ.

ಹೋಗಲಿ. 2023ರ ಹರಾಜಿನಲ್ಲಿ ಅದೇ ಸೀಮೆಯ ಸಿಜಿಮಾಲಿ ಬೆಟ್ಟದ ಬಾಕ್ಸೈಟ್ ಇದೇ ವೇದಾಂತ ಕಂಪನಿಯ ಪಾಲಾಗಿದೆ. ಅಲ್ಲೂ ಒಬ್ಬ ರಾಜರು ಬೆಟ್ಟದ ಮೇಲೇ ಬಿಡಾರ ಹೂಡಿದ್ದಾರಂತೆ, ತಮ್ಮ ನೆಂಟರೇ ಇರಬೇಕು. ದಯವಿಟ್ಟು ತಮ್ಮ ಅನುಭವವನ್ನು ಅವರಿಗೆ ಹೇಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಅಭಿವೃದ್ಧಿಯ ಹಿತೈಷಿ