ಕಾಲ ಕೂಡಿ ಬರಲಿ!

ಕೊಪ್ಪಳ ಜಿಲ್ಲೆಯ ಮಂಗಳೂರು. ಚಹಾದಂಗಡಿಯ ಕಟ್ಟೆ. ಬಸಣ್ಣನ ಪಕ್ಕದಲ್ಲಿ ಅವನದೇ ಕಾಲು.

"ಬಸಣ್ಣ, ಕಾಲ್ಯಾಕ ಬಿಚ್ಚಿಟ್ಟಿ?"

"ಶಿಬಿರದಾಗ ಕೊಟ್ಟಿದ್ದು ಹನುಮಣ್ಣ. ಫೋಟೋದಾಗ ಛಲೋ ನಿಂತಿತ್ತು. ಮನಿಗೆ ಬಂದು ಸಡಲಾತು."

"ಕಾಲು ಕತ್ತರಿಸಿದ ಮ್ಯಾಲೂ ಸೊರಗತೈತೇನು?"

"ಮೊದಲ ತಿಂಗಳುಗಳಾಗ ಮೊಂಡಗಾಲು ಸೊರಗತೈತಿ, ಅದಕ್ಕ ತಕ್ಕಂಗ ಸಾಕೆಟ್ ಬದಲಿಸಬೇಕು. ಅಳತಿ ಒಮ್ಮೆ, ಹಾರ ಒಮ್ಮೆ ಅಂದ್ರ ನಡ್ಯಂಗಿಲ್ಲ."

"1981ರಿಂದ ಇಂಥಾ ಕಾಲು ಕೊಡೋ ಕೇಂದ್ರದ ಅಡಿಪ್ ಯೋಜನೆ ಐತಲ್ಲ?"

"ಹೆಸರಿನಾಗ ಅಡಿ ಐತಿ, ಹೆಜ್ಜಿ ಎಲ್ಲೈತಿ?"

"ದೊಡ್ಡ ಊರಿಗೆ ಹೋಗಿ ರಿಪೇರಿ ಮಾಡಿಸು."

"ಹೋಗಾಕ ಕಾಲು ಬೇಕು. ಕಾಲು ಸರಿಯಾಗಾಕ ಹೋಗಬೇಕು."

"ಕಾಲು ರಿಪೇರಿಗೆ ತಾಲ್ಲೂಕಿಗೊಬ್ಬ ಕುಶಲಕರ್ಮಿ ಇಡೋದಂದ್ರ ಖರ್ಚು ಭಾಳ ಅಂತಾರಪ್ಪ."

"1968ರಾಗ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾಕ್ಟರ್ ಪಿ.ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದ್ರು. ಅದನ್ನ ಹಾಕ್ಕೊಂಡು ಕುಕ್ಕರಗಾಲಾಗ ಕುಂದ್ರಬಹುದು, ಬರಿಗಾಲಲೆ ಹೊಲದ ಕೆಸರೂ ತುಳೀಬಹುದು. ಸೋವಿ ಕಾಲು, ಗಟ್ಟಿ ಕೆಲಸ. ಹಂಗಂದ ಮ್ಯಾಲ ತುಟ್ಟಿ ಯಾವುದು? ಕಾಲೋ, ಶಿಬಿರದ ಪೆಂಡಾಲೋ? ಕೂಲಿಕಾರ ದುಡಿಮಿಗೆ ಮರಳಿದ್ರ ಖರ್ಚು ತಿರುಗಿ ಬರತೈತಿ. ಪೆಂಡಾಲು ಬಿಚ್ಚಿದ್ರ ಬರೇ ತೂತು ಉಳೀತಾವ."

"ಜನ ಕಾಲು ಒಯ್ದು ಮೂಲ್ಯಾಗ ಇಡ್ತಾರ ಅಂತ ಸಾಹೇಬ್ರು ಬೇಜಾರ ಮಾಡ್ಕೋತಾರ."

"ಕಚ್ಚೋ ಚಪ್ಪಲಿ ಸಾಹೇಬ್ರು ಮೆಟ್ಟತಾರೇನು? ಅಳತಿ ತಪ್ಪಿದ್ದು ಯಾರದು, ಮೂಲಿದೋ?"

"ಹಂಗಾರ ಇನ್ನೊಂದು ಕಾಲು ಕೇಳು."

"ಕೇಳಿದೆ. ಒಮ್ಮೆ ಪಡೆದ ದೊಡ್ಡೋರು 3 ವರ್ಷ ಕಾಯಬೇಕಂತ."

"ಚಿಂತಿ ಬ್ಯಾಡ, ಕಾಲ ಬಂದೇ ಬರತೈತಿ."

"ಕಾಲ ಬರತೈತಿ ಹನುಮಣ್ಣ. ಕಾಲು?"